ಏಳು ಮೂರಲಿ ಇಪ್ಪತ್ತೊಂದು: ಒಂದು ಪುಟ್ಟ ಪ್ರೊಸೆಸರನ್ನು ಕಾಗದದ ಮೇಲೆ ಕಟ್ಟಿ ನಡೆಸುವ ಕ್ರಮ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಕೋಣೆಯಲ್ಲಿ ಭಾನುವಾರ ಬೆಳಗ್ಗೆ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಓದುತ್ತಿರುವ ಕೆಲವು ಮಕ್ಕಳಿಗೆ ಕಂಪ್ಯೂಟರ್ ಆರ್ಕಿಟೆಕ್ಚರ್ ಹೇಳಿಕೊಡುತ್ತೇನೆ. ಪೈಪ್‌ಲೈನ್ ಎಂದರೇನು, ಕ್ಯಾಶ್ ಎಂದರೇನು ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರು ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಎರಡು ಸಂಖ್ಯೆಗಳನ್ನು ಕೂಡುವ ಒಂದೇ ಒಂದು ಆದೇಶ ಮೆಮೊರಿಯಿಂದ ಹೊರಟು ಯಾವ ಯಾವ ದಾರಿಯಲ್ಲಿ ಹಾದು, ಎಲ್ಲಿ ಕಾದು, ಕೊನೆಗೆ ಎಲ್ಲಿ ನೆಲೆಯಾಗುತ್ತದೆ ಎಂದು ಕೇಳಿದರೆ ಕೋಣೆ ನಿಶ್ಶಬ್ದವಾಗುತ್ತದೆ. ಪ್ರೊಸೆಸರನ್ನು ಅರಿಯಲು ನನಗೆ ತಿಳಿದಿರುವ ನಂಬಿಕೆಯ ದಾರಿ ಒಂದೇ: ಸ್ವಲ್ಪ ಹೊತ್ತು ನಾವೇ ಪ್ರೊಸೆಸರ್ ಆಗಿ, ಪೆನ್ಸಿಲು ಹಿಡಿದು, ಒಂದೊಂದೇ ಹೆಜ್ಜೆಯನ್ನು ಕೈಯಿಂದ ನಡೆಸಬೇಕು. ಹಾಗೆ ನಡೆಸಿದವರಿಗೆ ಮುಂದಿನ ಪಾಠಗಳೆಲ್ಲ, ಹೊತ್ತು ಎಲ್ಲಿ ಪೋಲಾಗುತ್ತಿದೆ ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಸಿಕ್ಕ ಉತ್ತರಗಳಾಗಿ ಕಾಣುತ್ತವೆ.

ಇದಕ್ಕೆ ಬೇಕಾದದ್ದು ಒಂದು ಚೌಕುಳಿ ಪುಸ್ತಕ, ಪೆನ್ಸಿಲು, ಒಳ್ಳೆಯ ರಬ್ಬರು. ಕಂಪ್ಯೂಟರ್ ಮೊದಲ ದಿನ ಬೇಡ.

ಆದೇಶಗಳನ್ನು ಆರಿಸುವುದು

ಪುಟದ ಎಡಭಾಗದಲ್ಲಿ 0ಯಿಂದ 31ರವರೆಗೆ ಸಂಖ್ಯೆ ಹಾಕಿ ಮೂವತ್ತೆರಡು ಸಾಲು ಎಳೆಯಿರಿ. ಇದು ನಮ್ಮ ಮೆಮೊರಿ. ಒಂದೊಂದು ಸಾಲನ್ನು, ಚೌಕಾಬಾರದ ಹಾಗೆ, ಒಂದೊಂದು ಮನೆ ಎಂದು ಕರೆಯೋಣ. ಪ್ರತಿ ಮನೆಯಲ್ಲಿ ಎಂಟು ಬಿಟ್, ಅಂದರೆ 0 ಅಥವಾ 1 ಆಗಿರುವ ಎಂಟು ಅಂಕೆಗಳು ಇರುತ್ತವೆ. ಮೂವತ್ತೆರಡು ಮನೆಗಳನ್ನು ಗುರುತಿಸಲು ಐದು ಬಿಟ್ ಸಾಕು, ಏಕೆಂದರೆ ಎರಡರ ಐದನೆಯ ಘಾತ 32. ಹಾಗಾದರೆ ಎಂಟು ಬಿಟ್‌ಗಳ ಒಂದು ಆದೇಶದಲ್ಲಿ ವಿಳಾಸಕ್ಕೆ ಐದು ಕೊಟ್ಟ ಮೇಲೆ ಉಳಿಯುವುದು ಮೂರು, ಮತ್ತು ಮೂರು ಬಿಟ್‌ಗಳಿಂದ ಹೇಳಬಹುದಾದ ಕೆಲಸಗಳು ಎಂಟೇ. ಈ ಜಗ್ಗಾಟ ಪ್ರೊಸೆಸರ್ ವಿನ್ಯಾಸದ ಮೊದಲ ಪಾಠ: ವಿಳಾಸಕ್ಕೆ ಒಂದು ಬಿಟ್ ಹೆಚ್ಚು ಕೊಟ್ಟರೆ ಮೆಮೊರಿ ಇಮ್ಮಡಿಯಾಗುತ್ತದೆ, ಆದರೆ ಕೆಲಸಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. 32 ಬಿಟ್ ಆದೇಶಗಳ ಇಂದಿನ ಪ್ರೊಸೆಸರ್‌ಗಳನ್ನು ಕಟ್ಟುವವರೂ ಇದೇ ಚೌಕಾಸಿಯನ್ನೇ ಮಾಡುತ್ತಾರೆ.

ನಮ್ಮ ತರಗತಿಯಲ್ಲಿ ಆದೇಶಗಳಿಗೆ ಕನ್ನಡದ ಹೆಸರುಗಳನ್ನೇ ಇಟ್ಟುಕೊಂಡಿದ್ದೇವೆ.

000 ನಿಲ್ಲು
001 ತಾ
010 ಇಡು
011 ಕೂಡು
100 ಕಳೆ
101 ಹೋಗು
110 ಸೊನ್ನೆಯಾದರೆ ಹೋಗು
111 ಖಾಲಿ

ಲೆಕ್ಕ ಮಾಡಲು ಈ ಯಂತ್ರಕ್ಕೆ ಒಂದೇ ರಿಜಿಸ್ಟರ್, ಅಂದರೆ ಪ್ರೊಸೆಸರಿನ ಒಳಗೇ ಒಂದು ಸಂಖ್ಯೆಯನ್ನು ಹಿಡಿದಿಡುವ ಜಾಗ, ಇದೆ. ಅದಕ್ಕೆ ಅಕ್ಯುಮುಲೇಟರ್ ಎಂದು ಹೆಸರು. ‘ತಾ 26’ ಎಂದರೆ 26ನೆಯ ಮನೆಯಲ್ಲಿ ಇರುವುದನ್ನು ಅಕ್ಯುಮುಲೇಟರಿಗೆ ತರುವುದು; ‘ಇಡು 26’ ಎಂದರೆ ಅಕ್ಯುಮುಲೇಟರಿನಲ್ಲಿ ಇರುವುದನ್ನು ಆ ಮನೆಯಲ್ಲಿ ಬರೆಯುವುದು; ಕೂಡು ಮತ್ತು ಕಳೆ ಆ ಮನೆಯ ಸಂಖ್ಯೆಯನ್ನು ಅಕ್ಯುಮುಲೇಟರಿಗೆ ಕೂಡುತ್ತವೆ ಅಥವಾ ಅದರಿಂದ ಕಳೆಯುತ್ತವೆ. ‘ಹೋಗು’ ಮತ್ತು ‘ಸೊನ್ನೆಯಾದರೆ ಹೋಗು’ ಎಂಬ ಎರಡು ಆದೇಶಗಳು ಮುಂದೆ ಯಾವ ಮನೆಯ ಆದೇಶವನ್ನು ಓದಬೇಕೆಂದು ತಿಳಿಸುತ್ತವೆ.

ನಿಲ್ಲು ಎಂಬುದಕ್ಕೆ 000 ಕೊಟ್ಟದ್ದು ಬೇಕೆಂದೇ. ಏನೂ ಬರೆಯದ ಮನೆಯಲ್ಲಿ ಎಂಟು ಸೊನ್ನೆಗಳು ಇರುತ್ತವೆ. ಪ್ರೋಗ್ರಾಂ ದಾರಿ ತಪ್ಪಿ ಅಲ್ಲಿಗೆ ಬಂದರೆ ಯಂತ್ರ ಅಲ್ಲೇ ನಿಲ್ಲಬೇಕು, ಕಂಡಕಂಡ ಮನೆಗಳಲ್ಲಿ ಬರೆದು ಎಲ್ಲವನ್ನೂ ಕೆಡಿಸಬಾರದು. 111 ಅನ್ನು ಖಾಲಿ ಬಿಟ್ಟಿರುವುದೂ ಬೇಕೆಂದೇ. ಆದೇಶಗಳ ಪಟ್ಟಿಯನ್ನು ಒಮ್ಮೆ ಹೊರಗೆ ಕೊಟ್ಟ ಮೇಲೆ ಅದನ್ನು ಬದಲಿಸುವುದು ಬಹಳ ಕಷ್ಟ, ಏಕೆಂದರೆ ಅದನ್ನು ನಂಬಿ ಜನ ಪ್ರೋಗ್ರಾಂ ಬರೆದಿರುತ್ತಾರೆ. 1964ರಲ್ಲಿ ಐಬಿಎಂ ತನ್ನ ಸಿಸ್ಟಮ್/360 ಸರಣಿಯನ್ನು ತಂದಾಗ, ಸಣ್ಣ ಯಂತ್ರದಿಂದ ದೊಡ್ಡ ಯಂತ್ರದವರೆಗೆ ಆದೇಶಗಳ ಪಟ್ಟಿ ಒಂದೇ, ಒಳಗಿನ ಕಟ್ಟಡ ಮಾತ್ರ ಬೇರೆ ಬೇರೆ ಎಂಬ ನಿಲುವನ್ನು ತಳೆಯಿತು. ಪ್ರೋಗ್ರಾಂ ಬರೆಯುವವನಿಗೆ ಕಾಣುವ ಆ ಕರಾರಿಗೆ ಆರ್ಕಿಟೆಕ್ಚರ್ ಎಂದೂ, ಅದನ್ನು ನಡೆಸಿಕೊಡುವ ಒಳಗಿನ ಏರ್ಪಾಡಿಗೆ ಮೈಕ್ರೋಆರ್ಕಿಟೆಕ್ಚರ್ ಎಂದೂ ಹೆಸರು. ಈ ಎರಡನ್ನು ಬೇರೆಬೇರೆಯಾಗಿ ನೋಡುವುದು ರೂಢಿಯಾದರೆ ಮುಂದಿನ ಅರ್ಧದಷ್ಟು ಗೊಂದಲ ತಾನಾಗಿ ಕಳೆಯುತ್ತದೆ.

ಈಗ ಏಳನ್ನು ಮೂರರಿಂದ ಗುಣಿಸುವ ಪ್ರೋಗ್ರಾಂ ಬರೆಯೋಣ. ಗುಣಿಸುವ ಆದೇಶ ನಮ್ಮಲ್ಲಿ ಇಲ್ಲದ್ದರಿಂದ ಏಳನ್ನು ಮೂರು ಸಲ ಕೂಡಬೇಕು. 24ನೆಯ ಮನೆಯಲ್ಲಿ ಮೊತ್ತಕ್ಕಾಗಿ 0, 25ರಲ್ಲಿ 7, 26ರಲ್ಲಿ ಎಣಿಕೆಯ 3, 27ರಲ್ಲಿ 1 ಬರೆದುಕೊಳ್ಳಿ. ಪ್ರೋಗ್ರಾಂ ಹೀಗಿದೆ:

0: ತಾ 26
1: ಸೊನ್ನೆಯಾದರೆ ಹೋಗು 8
2: ಕಳೆ 27
3: ಇಡು 26
4: ತಾ 24
5: ಕೂಡು 25
6: ಇಡು 24
7: ಹೋಗು 0
8: ನಿಲ್ಲು

ಇದನ್ನು ಬಿಟ್‌ಗಳಿಗೆ ಇಳಿಸುವ ಕೆಲಸವನ್ನು ಬಿಡದೆ ಮಾಡಿರಿ. ‘ಕೂಡು 25’ ಎಂಬಲ್ಲಿ ಕೂಡು 011, ಇಪ್ಪತ್ತೈದು 11001. ಜೋಡಿಸಿದರೆ 01111001, ಅಂದರೆ ದಶಮಾನದಲ್ಲಿ 121. ಐದನೆಯ ಮನೆಯಲ್ಲಿ ಕುಳಿತಿರುವ ಈ 121 ಆದೇಶವೋ ಸಂಖ್ಯೆಯೋ ಎಂದು ಮನೆಯನ್ನು ನೋಡಿ ಹೇಳಲಾಗದು. ಆದೇಶ ಓದುವ ಸರದಿಯಲ್ಲಿ ಅಲ್ಲಿಗೆ ಬಂದರೆ ಅದು ಆದೇಶ, ಲೆಕ್ಕದ ಸರದಿಯಲ್ಲಿ ಬಂದರೆ ಸಂಖ್ಯೆ. ಆದೇಶಗಳನ್ನೂ ಸಂಖ್ಯೆಗಳನ್ನೂ ಒಂದೇ ಮೆಮೊರಿಯಲ್ಲಿ ಇಡುವ ಈ ಕ್ರಮವನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ ಎಡ್ವ್ಯಾಕ್ ಎಂಬ ಕಂಪ್ಯೂಟರ್ ಕುರಿತ 1945ರ ತಮ್ಮ ವರದಿಯ ಕರಡಿನಲ್ಲಿ ವಿವರಿಸಿದರು.

ಒಂದು ಭಾನುವಾರ ವಿದ್ಯಾರ್ಥಿಯೊಬ್ಬ ತನ್ನ ಪ್ರೋಗ್ರಾಂ ಶುರುವಾಗುವ ಮೊದಲೇ ನಿಂತುಬಿಡುತ್ತದೆ, ಮೊತ್ತ ಸೊನ್ನೆಯಾಗಿಯೇ ಉಳಿಯುತ್ತದೆ ಎಂದು ಪುಸ್ತಕ ತಂದ. ಅವನು ಸೊನ್ನೆಯ ಮನೆಯಲ್ಲಿ 00111010 ಎಂದು ಬರೆಯುವ ಬದಲು 10111010 ಎಂದು ಬರೆದಿದ್ದ. ಒಂದೇ ಬಿಟ್ ತಪ್ಪಿತ್ತು. ಅದರಿಂದ ‘ತಾ 26’ ಇದ್ದದ್ದು ‘ಹೋಗು 26’ ಆಗಿತ್ತು. 26ನೆಯ ಮನೆಯಲ್ಲಿ ಇದ್ದದ್ದು ಎಣಿಕೆಯ 3, ಅಂದರೆ 00000011. ಅದರ ಮೊದಲ ಮೂರು ಬಿಟ್ 000. ಯಂತ್ರ ಅದನ್ನು ‘ನಿಲ್ಲು’ ಎಂದು ಓದಿ ನಿಂತಿತ್ತು. 0ಯಿಂದ 31ರವರೆಗಿನ ಯಾವ ಸಂಖ್ಯೆಯ ಮೇಲೆ ಹೋಗಿ ಬಿದ್ದರೂ ಈ ಯಂತ್ರ ನಿಲ್ಲುತ್ತದೆ ಎಂಬುದು ಆ ಹುಡುಗ ತಾನೇ ಕಂಡುಕೊಂಡು ನಮಗೆ ತಿಳಿಸಿದ ಸಂಗತಿ. 000 ಅನ್ನು ನಿಲ್ಲುವುದಕ್ಕೆ ಏಕೆ ಕೊಟ್ಟೆವು ಎಂದು ಅವನಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

ಕೈಯಿಂದ ನಡೆಸುವುದು

ಪುಟದ ಬಲಭಾಗದಲ್ಲಿ ನಾಲ್ಕು ಪೆಟ್ಟಿಗೆ ಬರೆಯಿರಿ. ಮುಂದಿನ ಆದೇಶ ಯಾವ ಮನೆಯಲ್ಲಿದೆ ಎಂದು ನೆನಪಿಡುವ ಪ್ರೋಗ್ರಾಂ ಕೌಂಟರ್, ಮೆಮೊರಿಯ ಯಾವ ಮನೆಯ ಬಾಗಿಲು ತಟ್ಟಬೇಕೆಂದು ಹೇಳುವ ವಿಳಾಸದ ರಿಜಿಸ್ಟರ್, ತಂದ ಆದೇಶವನ್ನು ಹಿಡಿದಿಡುವ ಆದೇಶದ ರಿಜಿಸ್ಟರ್, ಮತ್ತು ಅಕ್ಯುಮುಲೇಟರ್. ಮೊದಲಿನ ಎರಡಕ್ಕೆ ಐದೈದು ಬಿಟ್, ಉಳಿದ ಎರಡಕ್ಕೆ ಎಂಟೆಂಟು.

ಪ್ರತಿ ಆದೇಶವೂ ನಾಲ್ಕು ಹೆಜ್ಜೆಗಳಲ್ಲಿ ಮುಗಿಯುತ್ತದೆ. ಮೊದಲ ಹೆಜ್ಜೆಯಲ್ಲಿ ಪ್ರೋಗ್ರಾಂ ಕೌಂಟರಿನ ಸಂಖ್ಯೆ ವಿಳಾಸದ ರಿಜಿಸ್ಟರಿಗೆ ಹೋಗುತ್ತದೆ. ಎರಡನೆಯದರಲ್ಲಿ ಮೆಮೊರಿಯ ಆ ಮನೆಯಲ್ಲಿ ಇದ್ದದ್ದು ಆದೇಶದ ರಿಜಿಸ್ಟರಿಗೆ ಬರುತ್ತದೆ, ಜೊತೆಗೇ ಕೌಂಟರಿಗೆ ಒಂದು ಕೂಡುತ್ತದೆ. ಈ ಎರಡು ಹೆಜ್ಜೆಗಳು ಎಲ್ಲ ಆದೇಶಗಳಿಗೂ ಸಮಾನ, ಏಕೆಂದರೆ ಆದೇಶ ಏನೆಂದು ಯಂತ್ರಕ್ಕೆ ಅಲ್ಲಿಯವರೆಗೆ ಗೊತ್ತಿರುವುದಿಲ್ಲ. ಮೂರನೆಯ ಹೆಜ್ಜೆಯಲ್ಲಿ ಮೇಲಿನ ಮೂರು ಬಿಟ್‌ಗಳನ್ನು ಬಿಡಿಸಿ ಓದಲಾಗುತ್ತದೆ: ಹೋಗು ಎಂದಿದ್ದರೆ ಕೆಳಗಿನ ಐದು ಬಿಟ್ ನೇರವಾಗಿ ಪ್ರೋಗ್ರಾಂ ಕೌಂಟರಿಗೆ ಇಳಿಯುತ್ತವೆ, ಸೊನ್ನೆಯಾದರೆ ಹೋಗು ಎಂದಿದ್ದರೆ ಅಕ್ಯುಮುಲೇಟರ್ ಸೊನ್ನೆಯಾಗಿದ್ದಾಗ ಮಾತ್ರ ಇಳಿಯುತ್ತವೆ, ನಿಲ್ಲು ಎಂದಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತದೆ, ಉಳಿದ ಆದೇಶಗಳಲ್ಲಿ ಆ ಐದು ಬಿಟ್ ವಿಳಾಸದ ರಿಜಿಸ್ಟರಿಗೆ ಹೋಗುತ್ತವೆ. ನಾಲ್ಕನೆಯ ಹೆಜ್ಜೆಯಲ್ಲಿ ತರುವುದು, ಇಡುವುದು, ಕೂಡುವುದು, ಕಳೆಯುವುದು ನಡೆಯುತ್ತವೆ.

ಪ್ರತಿ ಹೆಜ್ಜೆಗೂ ಒಂದು ಸಾಲು ಬರೆಯುತ್ತಾ ಹೋಗಿ. ಬೇಸರ ಬರುತ್ತದೆ, ಬರಲಿ. ಒಂದು ಸುತ್ತಿಗೆ ಎಂಟು ಆದೇಶ, ಮೂರು ಸುತ್ತಿಗೆ ಇಪ್ಪತ್ತನಾಲ್ಕು. ಕೊನೆಗೆ ಸೊನ್ನೆಯಾಯಿತೇ ಎಂದು ನೋಡಿ ನಿಲ್ಲಲು ಇನ್ನೂ ಮೂರು. ಒಟ್ಟು 27 ಆದೇಶಗಳು. ನಿಲ್ಲು ಮೂರನೆಯ ಹೆಜ್ಜೆಯಲ್ಲೇ ಮುಗಿಯುವುದರಿಂದ ಒಟ್ಟು 107 ಹೆಜ್ಜೆಗಳು.

ನಮ್ಮ ಕೋಣೆಯಲ್ಲಿ ಇದನ್ನು ಐದು ಮಕ್ಕಳು ಆಡಿ ತೋರಿಸಿದರು. ನಾಲ್ವರು ನಾಲ್ಕು ರಿಜಿಸ್ಟರುಗಳಾಗಿ ಚೀಟಿ ಹಿಡಿದು ಮೇಜಿನ ಸುತ್ತ ಕುಳಿತರು. ಐದನೆಯವನು ಮೆಮೊರಿ, ಮನೆಗಳನ್ನೆಲ್ಲ ಬರೆದಿದ್ದ ಹಲಗೆ ಕೋಣೆಯ ಇನ್ನೊಂದು ತುದಿಯಲ್ಲಿ ಇತ್ತು. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಅವನು, “ಸರ್, ಇವರೆಲ್ಲ ಕೂತೇ ಇದ್ದಾರೆ, ನಾನೊಬ್ಬನೇ ಓಡ್ತಾ ಇದ್ದೇನೆ” ಎಂದ. ನಾವು ಆಟ ನಿಲ್ಲಿಸಿ ಲೆಕ್ಕ ಹಾಕಿದೆವು. ಆದೇಶ ತರಲು 27 ಸಲ, ಸಂಖ್ಯೆ ತರಲು ಅಥವಾ ಇಡಲು 19 ಸಲ, ಒಟ್ಟು 46 ಸಲ ಹಲಗೆಯವರೆಗೆ ಹೋಗಬೇಕು. ನಿಜವಾದ ಲೆಕ್ಕ, ಅಂದರೆ ಮೂರು ಕೂಡುವುದು ಮತ್ತು ಮೂರು ಕಳೆಯುವುದು, ಆರೇ ಸಲ. ಉಳಿದದ್ದೆಲ್ಲ ಓಡಾಟ. ಇಂದಿನ ಪ್ರೊಸೆಸರ್ ವಿನ್ಯಾಸದ ಬಹುಪಾಲು ಶ್ರಮ ಈ ಓಡಾಟವನ್ನು ತಗ್ಗಿಸುವುದಕ್ಕೇ ಹೋಗುತ್ತದೆ.

ಓಡಾಟ ತಗ್ಗಿಸುವ ಮೊದಲ ಉಪಾಯವನ್ನು ಮಕ್ಕಳೇ ಹೇಳಿದರು: ಮೇಜಿನ ಬಳಿ ಇನ್ನೂ ನಾಲ್ಕು ಚೀಟಿ ಇಟ್ಟುಕೊಂಡರೆ ಮೊತ್ತ, ಏಳು, ಎಣಿಕೆ, ಒಂದು ಇವನ್ನೆಲ್ಲ ಅಲ್ಲೇ ಹಿಡಿದಿಡಬಹುದು. ಆಗ ಆರಂಭದಲ್ಲಿ ನಾಲ್ಕು ಸಲ ತಂದು ಕೊನೆಯಲ್ಲಿ ಒಂದು ಸಲ ಇಟ್ಟರೆ ಮುಗಿಯಿತು. 19 ಇದ್ದದ್ದು 5 ಆಗುತ್ತದೆ. ಪ್ರೊಸೆಸರ್‌ಗಳಲ್ಲಿ ಹಲವು ರಿಜಿಸ್ಟರುಗಳು ಇರುವುದು ಇದಕ್ಕಾಗಿಯೇ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಯಾವ ರಿಜಿಸ್ಟರ್ ಎಂದು ಹೇಳಲು ಆದೇಶದಲ್ಲಿ ಬಿಟ್‌ಗಳು ಬೇಕು, ಎಂಟು ಬಿಟ್ ಆಗ ಸಾಲದು. 2010ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ರಿಸ್ಕ್-ಫೈವ್ ಆರ್ಕಿಟೆಕ್ಚರಿನ ಮೂಲ ಪಟ್ಟಿಯಲ್ಲಿ 32 ರಿಜಿಸ್ಟರುಗಳಿವೆ, ಒಂದೊಂದನ್ನು ಹೆಸರಿಸಲು ಐದು ಬಿಟ್. ಎರಡನ್ನು ಕೂಡಿ ಮೂರನೆಯದರಲ್ಲಿ ಇಡು ಎಂದು ಹೇಳಲು ಹದಿನೈದು ಬಿಟ್ ಅದಕ್ಕೇ ಹೋಗುತ್ತವೆ. ಅವುಗಳಲ್ಲಿ ಒಂದು ರಿಜಿಸ್ಟರ್ ಯಾವಾಗಲೂ ಸೊನ್ನೆಯಾಗಿಯೇ ಇರುತ್ತದೆ. ಇದು ದಂಡ ಎಂದು ಮೊದಲು ಅನ್ನಿಸಿದರೂ, ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವಂಥ ಕೆಲಸಗಳಿಗೆ ಬೇರೆ ಆದೇಶವೇ ಬೇಕಾಗದಂತೆ ಅದು ನೋಡಿಕೊಳ್ಳುತ್ತದೆ. ನನ್ನ ಮಟ್ಟಿಗೆ ಅದು ಬಹಳ ಸೊಗಸಾದ ನಿರ್ಧಾರ.

ಒಳಗಿನ ತಂತಿಗಳು

ಕೂಡುವ ಸರ್ಕ್ಯೂಟನ್ನು ನಾವು ಶಾಲೆಯಲ್ಲಿ ಕೂಡುತ್ತಿದ್ದ ಹಾಗೆಯೇ, ಬಲದಿಂದ ಎಡಕ್ಕೆ, ದಶಕ ಹಿಡಿಯುತ್ತಾ ಕಟ್ಟುವುದು. ಒಂದೊಂದು ಬಿಟ್ ಸ್ಥಾನಕ್ಕೂ ಮೂರು ಒಳಬರುವ ತಂತಿಗಳಿವೆ: ಎರಡು ಬಿಟ್ ಮತ್ತು ಬಲಗಡೆಯಿಂದ ಬಂದ ದಶಕ, ಅಂದರೆ ಕ್ಯಾರಿ. ಮೂರರಲ್ಲಿ ಬೆಸ ಸಂಖ್ಯೆಯಷ್ಟು ಒಂದುಗಳಿದ್ದರೆ ಉತ್ತರದ ಬಿಟ್ ಒಂದು. ಎರಡು ಅಥವಾ ಮೂರು ಒಂದುಗಳಿದ್ದರೆ ಎಡಕ್ಕೆ ಹೋಗುವ ಕ್ಯಾರಿ ಒಂದು. ಇಂಥ ಎಂಟನ್ನು ಸಾಲಾಗಿ ಜೋಡಿಸಿದರೆ ಎಂಟು ಬಿಟ್‌ಗಳ ಸಂಕಲನ ಸಿದ್ಧ.

ಕಳೆಯಲು ಬೇರೆ ಸರ್ಕ್ಯೂಟ್ ಬೇಡ. ಕಳೆಯಬೇಕಾದ ಸಂಖ್ಯೆಯ ಎಲ್ಲ ಬಿಟ್‌ಗಳನ್ನು ತಿರುಗಿಸಿ, ಒಂದು ಕೂಡಿ, ಮಾಮೂಲಿನಂತೆ ಕೂಡಿದರೆ ಸಾಕು. ಮೂರರಿಂದ ಒಂದನ್ನು ಕಳೆಯೋಣ: ಒಂದು 00000001, ತಿರುಗಿಸಿದರೆ 11111110, ಇದಕ್ಕೆ 00000011 ಮತ್ತು ಇನ್ನೊಂದು 1 ಕೂಡಿದರೆ ಕೆಳಗಿನ ಎಂಟು ಬಿಟ್ 00000010, ಅಂದರೆ ಎರಡು, ಎಡಗಡೆ ಉಕ್ಕಿ ಬಂದ ಕ್ಯಾರಿಯನ್ನು ಬಿಟ್ಟುಬಿಡುತ್ತೇವೆ. ಸರ್ಕ್ಯೂಟಿನಲ್ಲಿ ಇದಕ್ಕೆ ಎಂಟು ಎಕ್ಸ್ಆರ್ ಗೇಟುಗಳು (ಒಳಬರುವ ಎರಡು ಬಿಟ್ ಬೇರೆಬೇರೆಯಾದಾಗ ಮಾತ್ರ ಒಂದು ಕೊಡುವವು) ಮತ್ತು ‘ಕಳೆ’ ಎಂಬ ಒಂದೇ ತಂತಿ ಬೇಕು. ಆ ತಂತಿ ಒಂದಾದಾಗ ಎಂಟು ಗೇಟುಗಳೂ ಬಿಟ್‌ಗಳನ್ನು ತಿರುಗಿಸುತ್ತವೆ, ಮತ್ತು ಅದೇ ತಂತಿ ಬಲತುದಿಯ ಕ್ಯಾರಿಯಾಗಿ ಒಳಗೆ ಹೋಗಿ ಬೇಕಾದ ಒಂದನ್ನು ಕೂಡುತ್ತದೆ. ಈ ಜಾಗದಲ್ಲಿ ಅವಸರ ಮಾಡಬೇಡಿ. ನಾಲ್ಕಾರು ಸಂಖ್ಯೆಗಳನ್ನು ಹಾಕಿ ನೀವೇ ನೋಡಿ.

ಕ್ಯಾರಿ ಬಲದಿಂದ ಎಡಕ್ಕೆ ಒಂದೊಂದೇ ಸ್ಥಾನ ದಾಟಬೇಕಾದ್ದರಿಂದ ಎಡತುದಿಯ ಬಿಟ್ ಎಲ್ಲಕ್ಕಿಂತ ಕೊನೆಗೆ ಸ್ಥಿರವಾಗುತ್ತದೆ. ಅದು ಸ್ಥಿರವಾಗುವ ಮೊದಲೇ, ಹೆಜ್ಜೆಗಳಿಗೆ ತಾಳ ಹಾಕುವ ಕ್ಲಾಕಿನ ಮುಂದಿನ ಮಿಡಿತ ಬಂದರೆ ಅಕ್ಯುಮುಲೇಟರಿಗೆ ತಪ್ಪು ಸಂಖ್ಯೆ ಇಳಿಯುತ್ತದೆ. ಹೀಗಾಗಿ ಯಂತ್ರದಲ್ಲಿ ಎಲ್ಲಕ್ಕಿಂತ ನಿಧಾನದ ದಾರಿ ಯಾವುದೋ ಅದೇ ಇಡೀ ಯಂತ್ರದ ಕ್ಲಾಕನ್ನು ನಿರ್ಧರಿಸುತ್ತದೆ. 64 ಬಿಟ್‌ಗಳ ಯಂತ್ರದಲ್ಲಿ ಇದನ್ನು ಸಹಿಸಲಾಗದು. ಕ್ಯಾರಿಯನ್ನು ಗುಂಪುಗುಂಪಾಗಿ ಮೊದಲೇ ಲೆಕ್ಕ ಹಾಕಿಡುವ ವಿಧಾನಗಳು ಅದಕ್ಕಾಗಿ ಬಂದಿವೆ.

ಯಾವ ಹೆಜ್ಜೆಯಲ್ಲಿ ಯಾವ ಬಾಗಿಲು ತೆರೆಯಬೇಕೆಂದು ಹೇಳುವುದು ಕಂಟ್ರೋಲ್. ಆದೇಶದ ಮೂರು ಬಿಟ್, ಹೆಜ್ಜೆಯ ಸಂಖ್ಯೆಗೆ ಎರಡು ಬಿಟ್, ಅಕ್ಯುಮುಲೇಟರ್ ಸೊನ್ನೆಯೇ ಎಂಬುದಕ್ಕೆ ಒಂದು ಬಿಟ್, ಒಟ್ಟು ಆರು. ಆದ್ದರಿಂದ 64 ಸಾಲುಗಳ ಒಂದು ಕೋಷ್ಟಕ ಮಾಡಿ, ಪ್ರತಿ ಸಾಲಿನಲ್ಲಿ ಯಾವ ತಂತಿ ಒಂದು, ಯಾವುದು ಸೊನ್ನೆ ಎಂದು ತುಂಬಿ. ಈ ಕೋಷ್ಟಕವನ್ನು ಗೇಟುಗಳಿಂದ ಕಟ್ಟಬಹುದು, ಅಥವಾ ಒಂದು ಮೆಮೊರಿ ಚಿಪ್ಪಿನಲ್ಲಿ ಬರೆದಿಡಬಹುದು. ಎರಡನೆಯ ದಾರಿ 1951ರಲ್ಲಿ ಕಂಪ್ಯೂಟರ್ ವಿಜ್ಞಾನಿ ಮಾರಿಸ್ ವಿಲ್ಕ್ಸ್ ಮುಂದಿಟ್ಟ ಮೈಕ್ರೋಪ್ರೋಗ್ರಾಮಿಂಗ್ ಎಂಬ ಯೋಚನೆಗೆ ಹತ್ತಿರದ್ದು. ಕಲಿಯುವವರಿಗೆ ಇದೇ ಒಳ್ಳೆಯದು, ಏಕೆಂದರೆ ತಪ್ಪಾದರೆ ಕೋಷ್ಟಕದ ಒಂದು ಸಾಲು ತಿದ್ದಿದರೆ ಸಾಕು, ತಂತಿ ಕೀಳಬೇಕಾಗಿಲ್ಲ.

ಇಷ್ಟು ತಿಳಿದ ಮೇಲೆ ಮುಂಬೈಯವರಾದ ನಾವು ನೆನೆಯಬೇಕಾದ ಒಂದು ಯಂತ್ರವಿದೆ. ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಶುರುಮಾಡಿದ ಟಿಫ್ರ್ಯಾಕ್ ಕಂಪ್ಯೂಟರ್ ನಿರ್ವಾತ ನಳಿಕೆಗಳಿಂದ ಕಟ್ಟಿದ್ದು. ಅದರ ಒಂದೊಂದು ಮನೆಯಲ್ಲಿ 40 ಬಿಟ್, ಫೆರೈಟ್ ಉಂಗುರಗಳ ಮೆಮೊರಿಯಲ್ಲಿ ಅಂಥ 2048 ಮನೆಗಳು. 1962ರಲ್ಲಿ ನೆಹರೂ ಅದಕ್ಕೆ ಆ ಹೆಸರು ಇಟ್ಟರು. ನಮ್ಮ ಮೂವತ್ತೆರಡು ಮನೆಗಳ ಕಾಗದದ ಯಂತ್ರಕ್ಕೂ ಅದಕ್ಕೂ ಗಾತ್ರದಲ್ಲಿ ಬಹಳ ಅಂತರವಿದೆ, ಆದರೆ ಆದೇಶ ತರುವುದು, ಬಿಡಿಸಿ ಓದುವುದು, ನಡೆಸುವುದು ಎಂಬ ಕ್ರಮ ಎರಡರಲ್ಲೂ ಒಂದೇ.

ವೇಗದ ಲೆಕ್ಕ

ಒಂದು ಪ್ರೋಗ್ರಾಂ ತೆಗೆದುಕೊಳ್ಳುವ ಹೊತ್ತು ಮೂರು ಸಂಖ್ಯೆಗಳ ಗುಣಲಬ್ಧ: ನಡೆಸಿದ ಆದೇಶಗಳ ಸಂಖ್ಯೆ, ಒಂದು ಆದೇಶಕ್ಕೆ ಸರಾಸರಿ ಎಷ್ಟು ಮಿಡಿತ, ಒಂದು ಮಿಡಿತಕ್ಕೆ ಎಷ್ಟು ಕಾಲ. ಯಾವ ಹೊಸ ಪ್ರೊಸೆಸರಿನ ಜಾಹೀರಾತು ಓದಿದರೂ ಈ ಮೂರರಲ್ಲಿ ಯಾವುದನ್ನು ಇಳಿಸಿದ್ದಾರೆ, ಅದರಿಂದ ಇನ್ನೊಂದು ಏರಿತೇ ಎಂದು ಕೇಳಿಕೊಳ್ಳಿ. ಗಿಗಾಹರ್ಟ್ಸ್ ಎಂಬುದು ಮೂರನೆಯದನ್ನು ಮಾತ್ರ ಹೇಳುತ್ತದೆ.

ನಮ್ಮ ಯಂತ್ರದಲ್ಲಿ ಎರಡನೆಯ ಸಂಖ್ಯೆ ಹೆಚ್ಚುಕಡಿಮೆ ನಾಲ್ಕು. ಇದನ್ನು ಇಳಿಸುವ ದಾರಿ ಪೈಪ್‌ಲೈನ್. ಮಾಟುಂಗದ ಯಾವುದೇ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೋಸೆಯ ಕಾವಲಿಯ ಮುಂದೆ ನಿಂತರೆ ಇದು ಕಾಣುತ್ತದೆ: ಒಂದು ದೋಸೆ ತಟ್ಟೆಗೆ ಹೋಗುವವರೆಗೆ ಇನ್ನೊಂದನ್ನು ಹುಯ್ಯದೆ ಯಾರೂ ಕಾಯುವುದಿಲ್ಲ. ಹಾಗೆಯೇ ಮೊದಲ ಆದೇಶ ಎರಡನೆಯ ಹೆಜ್ಜೆಗೆ ಹೋದ ಕೂಡಲೇ ಮುಂದಿನ ಆದೇಶ ಮೊದಲ ಹೆಜ್ಜೆಗೆ ಬರಬಹುದು. ಕೌಂಟರಿಗೆ ಒಂದು ಕೂಡುವುದನ್ನು ಮೊದಲ ಹೆಜ್ಜೆಗೇ ತಂದು, ವಿಳಾಸದ ರಿಜಿಸ್ಟರುಗಳನ್ನು ಎರಡು ಮಾಡಿದರೆ, ಎಲ್ಲವೂ ಸುಗಮವಾಗಿ ನಡೆದಾಗ ನಮ್ಮ 27 ಆದೇಶಗಳು 29 ಮಿಡಿತಗಳಲ್ಲಿ ಮುಗಿಯಬೇಕು. ಒಂದೊಂದು ಮಿಡಿತಕ್ಕೆ ಒಂದು ಕಂಬಸಾಲು, ಒಂದೊಂದು ಆದೇಶಕ್ಕೆ ಒಂದು ಅಡ್ಡಸಾಲು ಎಳೆದು ಹೆಜ್ಜೆಗಳನ್ನು ಓರೆಯಾಗಿ ತುಂಬುತ್ತಾ ಹೋಗಿ. ಎಲ್ಲಿ ಕೆಡುತ್ತದೆ ಎಂಬುದು ಆ ಚಿತ್ರದಲ್ಲೇ ಕಾಣುತ್ತದೆ.

ಮೊದಲನೆಯದಾಗಿ, ಒಂದು ಆದೇಶ ತನ್ನ ನಾಲ್ಕನೆಯ ಹೆಜ್ಜೆಯಲ್ಲಿ ಮೆಮೊರಿಗೆ ಹೋಗುವ ಮಿಡಿತದಲ್ಲೇ, ಅದರ ನಂತರದ ಎರಡನೆಯ ಆದೇಶ ತನ್ನ ಎರಡನೆಯ ಹೆಜ್ಜೆಗಾಗಿ ಮೆಮೊರಿಯನ್ನು ಕೇಳುತ್ತದೆ. ಒಂದೇ ಬಾಗಿಲಿಗೆ ಇಬ್ಬರು. ಆದೇಶಗಳಿಗೂ ಸಂಖ್ಯೆಗಳಿಗೂ ಬೇರೆ ಬೇರೆ ಬಾಗಿಲು ಕೊಡುವುದು ಇದಕ್ಕೆ ಪರಿಹಾರ. ಇಂದಿನ ಪ್ರೊಸೆಸರ್‌ಗಳ ಅತಿ ಒಳಗಿನ ಕ್ಯಾಶ್ (ಕೈಗೆಟುಕುವಲ್ಲೇ ಇರುವ ಸಣ್ಣ, ಚುರುಕಾದ ಮೆಮೊರಿ) ಎರಡು ಭಾಗವಾಗಿರುವುದು ಈ ಕಾರಣದಿಂದಲೇ.

ಎರಡನೆಯದಾಗಿ, ‘ತಾ 26’ ಅಕ್ಯುಮುಲೇಟರನ್ನು ತುಂಬುವ ಮಿಡಿತದಲ್ಲೇ ಅದರ ಬೆನ್ನಿಗೇ ಬರುವ ‘ಸೊನ್ನೆಯಾದರೆ ಹೋಗು’ ಅಕ್ಯುಮುಲೇಟರನ್ನು ಪರೀಕ್ಷಿಸುತ್ತದೆ. ಅದಕ್ಕೆ ಕಾಣುವುದು ಹಳೆಯ ಸಂಖ್ಯೆ. ಒಂದು ಮಿಡಿತ ಕಾಯಬೇಕು. ಇಂಥ ಪ್ರಸಂಗ ನಾಲ್ಕು ಸಲ ಬರುವುದರಿಂದ ನಾಲ್ಕು ಮಿಡಿತ ನಷ್ಟ. ಅಕ್ಯುಮುಲೇಟರಿನ ಒಳಗೆ ಹೋಗುತ್ತಿರುವ ತಂತಿಯಿಂದಲೇ ಸೊನ್ನೆಯನ್ನು ನೋಡಿದರೆ ಆ ನಷ್ಟವೂ ತಪ್ಪುತ್ತದೆ. ಇದಕ್ಕೆ ಫಾರ್ವರ್ಡಿಂಗ್ ಎನ್ನುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಕಠಿಣ. ‘ಹೋಗು 0’ ತನ್ನ ಮೂರನೆಯ ಹೆಜ್ಜೆಯಲ್ಲಿ ಕೌಂಟರನ್ನು ಬದಲಿಸುವ ಹೊತ್ತಿಗೆ ಅದರ ಹಿಂದೆ ಎರಡು ಆದೇಶಗಳು ಆಗಲೇ ಒಳಗೆ ಬಂದಿರುತ್ತವೆ. ಅವು ಬೇಡವಾದವು, ಅವನ್ನು ಹೊರಗೆ ಹಾಕಬೇಕು. ಹಾಕಲು ಮರೆತರೆ ಏನಾಗುತ್ತದೆ ನೋಡಿ: ಏಳನೆಯ ಮನೆಯ ಹಿಂದೆಯೇ ಬಂದಿರುವುದು ಎಂಟನೆಯ ಮನೆಯ ‘ನಿಲ್ಲು’. ಯಂತ್ರ ಮೊದಲ ಸುತ್ತಿನಲ್ಲೇ ನಿಲ್ಲುತ್ತದೆ, ಮೊತ್ತ 7 ಎಂದು ತೋರಿಸುತ್ತದೆ, ಮತ್ತು ಪ್ರೋಗ್ರಾಂ ಬರೆದವನು ತನ್ನ ತಪ್ಪಿಲ್ಲದೆ ತನ್ನ ಪ್ರೋಗ್ರಾಂ ತಿದ್ದುತ್ತಾ ಕೂರುತ್ತಾನೆ. ಜಿಗಿತ ನಿಜವಾಗಿ ನಡೆಯುವುದು ನಾಲ್ಕು ಸಲ, ಸಲಕ್ಕೆ ಎರಡು ಮಿಡಿತದಂತೆ ಎಂಟು ನಷ್ಟ. ಹೀಗೆ, ಫಾರ್ವರ್ಡಿಂಗ್ ಇಲ್ಲದಿದ್ದರೆ, 29ಕ್ಕೆ ನಾಲ್ಕು ಮತ್ತು ಎಂಟು ಸೇರಿ 41 ಮಿಡಿತ. 107 ಇದ್ದದ್ದು 41 ಆಯಿತು. ನಾಲ್ಕು ಪಟ್ಟು ವೇಗ ಬರಬೇಕಾಗಿದ್ದಲ್ಲಿ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಸಿಕ್ಕಿತು. ಹತ್ತು, ಹದಿನೈದು ಹಂತಗಳ ಪೈಪ್‌ಲೈನ್ ಇರುವ ಪ್ರೊಸೆಸರ್‌ಗಳಲ್ಲಿ ಈ ನಷ್ಟ ಬಹಳ ದೊಡ್ಡದು. ಅದಕ್ಕಾಗಿ ಅವು ಜಿಗಿತ ನಡೆಯುತ್ತದೆಯೇ ಇಲ್ಲವೇ ಎಂದು ಹಿಂದಿನ ಸಲಗಳ ನೆನಪಿನಿಂದ ಮೊದಲೇ ಊಹಿಸುತ್ತವೆ. 1ನೆಯ ಮನೆಯ ನಮ್ಮ ಜಿಗಿತ ಮೂರು ಸಲ ನಡೆಯದೆ ನಾಲ್ಕನೆಯ ಸಲ ನಡೆಯುತ್ತದೆ. ‘ನಡೆಯುವುದಿಲ್ಲ’ ಎಂದು ಸುಮ್ಮನೆ ಊಹಿಸಿದರೂ ನಾಲ್ಕರಲ್ಲಿ ಮೂರು ಸರಿ.

ಇನ್ನು ಆ ಓಡುತ್ತಿದ್ದ ಹುಡುಗನ ವಿಚಾರಕ್ಕೆ ಬರೋಣ. 3 ಗಿಗಾಹರ್ಟ್ಸ್ ಕ್ಲಾಕಿನ ಒಂದು ಮಿಡಿತದಲ್ಲಿ ಬೆಳಕೇ ಸುಮಾರು ಹತ್ತು ಸೆಂಟಿಮೀಟರ್ ಮಾತ್ರ ಸಾಗುತ್ತದೆ. ದೂರದ ದೊಡ್ಡ ಮೆಮೊರಿಯಿಂದ ಒಂದು ಸಂಖ್ಯೆ ಬರಲು ನೂರಾರು ಮಿಡಿತ ಹಿಡಿಯುವುದುಂಟು. ಹೋಟೆಲಿನ ಅಡುಗೆ ಭಟ್ಟರು ಪ್ರತಿ ಒಗ್ಗರಣೆಗೂ ವಾಶಿಯ ಮಾರುಕಟ್ಟೆಗೆ ಹೋಗುವುದಿಲ್ಲ. ಸಾಸಿವೆ ಒಲೆಯ ಪಕ್ಕದ ಡಬ್ಬಿಯಲ್ಲಿದೆ. ಡಬ್ಬಿ ಮುಗಿದರೆ ಹಿಂದಿನ ಸ್ಟೋರಿನ ಚೀಲದಲ್ಲಿದೆ. ಚೀಲ ಮುಗಿದಾಗ ಮಾತ್ರ ವಾಶಿ. ಸ್ಟೋರಿಗೆ ಹೋದಾಗ ಅವರು ಒಂದು ಚಮಚ ತರುವುದಿಲ್ಲ, ಡಬ್ಬಿ ತುಂಬ ತರುತ್ತಾರೆ. ಕ್ಯಾಶಿನ ತತ್ತ್ವ ಇಷ್ಟೇ: ಈಗ ಬಳಸಿದ್ದು ಬೇಗನೆ ಮತ್ತೆ ಬೇಕಾಗುತ್ತದೆ, ಮತ್ತು ಅದರ ಪಕ್ಕದ್ದೂ ಬೇಕಾಗುತ್ತದೆ. ನಮ್ಮ ಪ್ರೋಗ್ರಾಂ 27 ಸಲ ಆದೇಶ ತರುತ್ತದೆ, ಆದರೆ ಬೇರೆ ಬೇರೆ ಮನೆಗಳು ಒಂಬತ್ತೇ. ಒಂದೊಂದನ್ನೇ ತಂದಿಟ್ಟುಕೊಂಡರೆ ಒಂಬತ್ತು ಸಲ ದೂರ ಹೋಗಬೇಕು. ನಾಲ್ಕು ನಾಲ್ಕು ಮನೆಗಳನ್ನು ಒಟ್ಟಿಗೆ ತಂದರೆ ಮೂರೇ ಸಲ. 27ರಲ್ಲಿ 24 ಸಲ ಬೇಕಾದದ್ದು ಕೈಗೆ ಎಟುಕುವಲ್ಲೇ ಇರುತ್ತದೆ. ಇಂದಿನ ಬಹುತೇಕ ಪ್ರೊಸೆಸರ್‌ಗಳು ಹೀಗೆ ಒಟ್ಟಿಗೆ ತರುವುದು 64 ಬೈಟ್ (ಎಂಟು ಬಿಟ್‌ಗೆ ಒಂದು ಬೈಟ್).

ಕ್ಲಾಕನ್ನೇ ಏರಿಸುತ್ತಾ ಹೋಗುವ ದಾರಿ 2005ರ ಆಸುಪಾಸಿನಲ್ಲಿ ಬಿಸಿಯ ಕಾರಣದಿಂದ ಮುಚ್ಚಿತು. 1971ರ ಇಂಟೆಲ್ 4004ರಲ್ಲಿ 2300 ಟ್ರಾನ್ಸಿಸ್ಟರುಗಳಿದ್ದು ಅದು 740 ಕಿಲೋಹರ್ಟ್ಸ್‌ನಲ್ಲಿ ನಡೆಯುತ್ತಿತ್ತು. ಅಲ್ಲಿಂದ ಕೆಲವು ಗಿಗಾಹರ್ಟ್ಸ್‌ವರೆಗೆ ಏರಿದ ಮೇಲೆ ವಿನ್ಯಾಸಕಾರರು ಒಂದೇ ಚಿಪ್ಪಿನಲ್ಲಿ ಹಲವು ಪ್ರೊಸೆಸರ್‌ಗಳನ್ನು ಇಡತೊಡಗಿದರು. ಕೆಲಸ ಹಂಚುವ ಯೋಚನೆ ಅದಕ್ಕಿಂತ ಹಳೆಯದು. ಪುಣೆಯ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಕಟ್ಟಿದ ಪರಮ್ 8000 ಕೂಡ ಟ್ರಾನ್ಸ್‌ಪ್ಯೂಟರ್ ಎಂಬ ಅನೇಕ ಪ್ರೊಸೆಸರ್‌ಗಳನ್ನು ಜೋಡಿಸಿದ ಯಂತ್ರ. ಆದರೆ ಹಂಚಲಾಗದ ಭಾಗ ಕೆಲಸದ ಹತ್ತನೆಯ ಒಂದರಷ್ಟು ಇದ್ದರೆ, ಎಷ್ಟೇ ಪ್ರೊಸೆಸರ್ ಹಾಕಿದರೂ ವೇಗ ಹತ್ತು ಪಟ್ಟನ್ನು ಮೀರದು ಎಂಬ ಆಮ್ಡಾಲ್ ನಿಯಮವನ್ನು ಮರೆಯಬಾರದು.

ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಮೊದಲು

ಕಾಗದದ ಮೇಲೆ ಸರಿಯಾದ ಯಂತ್ರವನ್ನು ಮೊದಲು ಲಾಜಿಸಿಮ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಬರೆದು ನಡೆಸಿ. ಅಲ್ಲಿಯೂ 21 ಬಂದ ಮೇಲೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ನಡೆಯಿರಿ. ಪೈಪ್‌ಲೈನ್ ಇಲ್ಲದ ಸರಳ ರೂಪವನ್ನೇ ಕಟ್ಟಿ. ಸಂಕಲನಕ್ಕೆ 74283 ಎಂಬ ಚಿಪ್ ಎರಡು, ಬಿಟ್ ತಿರುಗಿಸಲು 7486 ಎರಡು, ಪ್ರೋಗ್ರಾಂ ಕೌಂಟರಿಗೆ 74161 ಎರಡು. ಒಂದು 74161 ನಾಲ್ಕೇ ಬಿಟ್ ಎಣಿಸುವುದರಿಂದ ನಮ್ಮ ಐದನೆಯ ಬಿಟ್‌ಗೆ ಇನ್ನೊಂದು ಬೇಕೇ ಬೇಕು. ರಿಜಿಸ್ಟರುಗಳಿಗೆ 74377 ಒಪ್ಪುತ್ತದೆ. ಅದರ ಕ್ಲಾಕಿಗೆ ಬೇರೆಯಾಗಿ ‘ಈಗ ತೆಗೆದುಕೋ’ ಎನ್ನುವ ಒಂದು ಕಾಲು ಇರುವುದರಿಂದ ಕಂಟ್ರೋಲ್ ತಂತಿಯನ್ನು ನೇರವಾಗಿ ಕೊಡಬಹುದು. ವಿದ್ಯುತ್ತು 5 ವೋಲ್ಟ್.

ಹೊಸಬರನ್ನು ಕಾಡುವ ತೊಂದರೆಗಳು ಹೆಚ್ಚಾಗಿ ಎರಡು. ಪ್ರತಿ ಚಿಪ್ಪಿನ ವಿದ್ಯುತ್ತಿನ ಎರಡು ಕಾಲುಗಳ ನಡುವೆ, ಆದಷ್ಟು ಹತ್ತಿರ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕದಿದ್ದರೆ ಯಂತ್ರ ಒಮ್ಮೆ ಸರಿ, ಒಮ್ಮೆ ತಪ್ಪು ನಡೆಯುತ್ತದೆ. ಒಳಬರುವ ಕಾಲನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೂ ಹಾಗೆಯೇ. ಬೇಡವಾದದ್ದನ್ನು 5 ವೋಲ್ಟಿಗೋ ಸೊನ್ನೆಗೋ ಕಟ್ಟಿಬಿಡಿ. ಮೊದಲು ಸಂಕಲನವನ್ನು ಒಂದೇ ಕಟ್ಟಿ ಸ್ವಿಚ್ಚುಗಳಿಂದ ಪರೀಕ್ಷಿಸಿ, ಆಮೇಲೆ ಅಕ್ಯುಮುಲೇಟರ್, ಆಮೇಲೆ ಕೌಂಟರ್, ಎಲ್ಲಕ್ಕಿಂತ ಕೊನೆಗೆ ಕಂಟ್ರೋಲ್. ಎಲ್ಲವನ್ನೂ ಒಟ್ಟಿಗೆ ಕಟ್ಟಿ ಸ್ವಿಚ್ ಒತ್ತಿದರೆ ತಪ್ಪು ಎಲ್ಲಿದೆ ಎಂದು ಹುಡುಕಲು ತಿಂಗಳು ಬೇಕು.

ಕ್ಲಾಕಿಗೆ ಆರಂಭದಲ್ಲಿ ಒಂದು ಒತ್ತುಗುಂಡಿ ಸಾಕು. ಆದರೆ ಗುಂಡಿಯ ಲೋಹ ಒಮ್ಮೆ ಒತ್ತಿದಾಗ ಹಲವು ಸಲ ಪುಟಿಯುತ್ತದೆ, ಯಂತ್ರ ಅವನ್ನೆಲ್ಲ ಎಣಿಸಿಬಿಡುತ್ತದೆ. 555 ಚಿಪ್ಪನ್ನು ನಡುವೆ ಇಟ್ಟು ಒಂದು ಒತ್ತಿಗೆ ಒಂದೇ ಮಿಡಿತ ಬರುವಂತೆ ಮಾಡಿ. ನಂತರ ಕಾಗದದ ಮೇಲೆ ಬರೆದ 107 ಸಾಲುಗಳನ್ನು ಪಕ್ಕದಲ್ಲಿ ಇಟ್ಟುಕೊಂಡು, ಒಂದೊಂದು ಒತ್ತಿಗೂ ದೀಪಗಳನ್ನು ಸಾಲಿನೊಡನೆ ಹೋಲಿಸುತ್ತಾ ಹೋಗಿ. ಎಲ್ಲವೂ ಸರಿಯಿದ್ದರೆ 92ನೆಯ ಒತ್ತಿಗೆ 24ನೆಯ ಮನೆಯಲ್ಲಿ 00010101 ಬರೆಯಲಾಗುತ್ತದೆ. ಅದು ಇಪ್ಪತ್ತೊಂದು. ಆದರೆ ಆಗಲೇ ಕೈ ತೆಗೆಯಬೇಡಿ. ಎಣಿಕೆ ಸೊನ್ನೆಯಾಯಿತೆಂದು ಯಂತ್ರಕ್ಕೆ ಇನ್ನೂ ತಿಳಿದಿಲ್ಲ. ಅದು ಹಿಂದಕ್ಕೆ ಹೋಗಿ, 26ನೆಯ ಮನೆಯನ್ನು ಮತ್ತೊಮ್ಮೆ ನೋಡಿ, ಎಂಟಕ್ಕೆ ಜಿಗಿದು ನಿಲ್ಲಲು ಇನ್ನೂ ಹದಿನೈದು ಸಲ ಒತ್ತಬೇಕು.